ಮುದ್ರೆಯವರ ಇಪ್ಪತ್ತು ಸಾವಿರ ಮನೆಗಳು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಅಂಗಡಿಯವರ ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿದ ಮನುಷ್ಯನನ್ನು ಊರಿನವರು ‘ಮುದ್ರೆಯವರು’ ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು, ಅದೂ ಅಕ್ಷರ ತಪ್ಪಾಗಿ. ಕಿಲೋ ಬಟ್ಟಿನಲ್ಲಿ ಐದು ಗ್ರಾಂ ಕಡಿಮೆಯಿದ್ದರೆ ಮುದ್ರೆಯವರು ಅಂಗಡಿಯವನನ್ನು ಮಾತಾಡದೆ ಬರೀ ನೋಡುತ್ತಿದ್ದರು. ಆ ನೋಟಕ್ಕೆ ಎಂಥ ವ್ಯಾಪಾರಿಯೂ ಬೆವೆತುಹೋಗುತ್ತಿದ್ದ.

ಈ ಪ್ರತಾಪವೆಲ್ಲ ಮನೆಯ ಹೊಸ್ತಿಲವರೆಗೆ. ಒಳಗೆ ಹೆಂಡತಿ, ಮಗಳು ಮತ್ತು ಹೆಂಡತಿಯ ತಾಯಿ, ಅಂದರೆ ಅತ್ತೆ, ಇದ್ದರು. ಟಿವಿಯ ರಿಮೋಟು ಆರೂವರೆಗೆ ಅತ್ತೆಯ ಕೈಗೆ, ಎಂಟಕ್ಕೆ ಹೆಂಡತಿಯ ಕೈಗೆ, ಒಂಬತ್ತಕ್ಕೆ ಮಗಳ ಕೈಗೆ ಹೋಗುತ್ತಿತ್ತು. ಎಲ್ಲರದ್ದೂ ಮುಗಿದ ಮೇಲೆ ಟಿವಿ ಆರಿಸುವ ಅಧಿಕಾರ ಮಾತ್ರ ಯಾವ ತಕರಾರೂ ಇಲ್ಲದೆ ಮುದ್ರೆಯವರದು.

ಅವರಿಗೆ ಇನ್ನೊಂದು ಕೊರತೆಯಿತ್ತು. ಮುದ್ರೆಯವರಿಗೆ ನಿದ್ರೆ ಬರುತ್ತಿರಲಿಲ್ಲ. ಮಲಗಿದಾಗ ಮನಸ್ಸಿನಲ್ಲೇ ಏನನ್ನಾದರೂ ಎಣಿಸಿ ಎಂದು ವೈದ್ಯರು ಹೇಳಿದ್ದರು. ಇವರು ತೂಕದ ಬಟ್ಟುಗಳನ್ನು ಎಣಿಸಿದರು. ನಲವತ್ತನೆಯದರಲ್ಲಿ ಎರಡು ಗ್ರಾಂ ವ್ಯತ್ಯಾಸ ಕಂಡು ಎದ್ದು ಕೂತರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು.

“ಸಾರ್, ನಾವು ಟಿವಿ ಅಳೆಯೋ ಸಂಸ್ಥೆಯವರು.”

ಅಳತೆಯೆಂಬ ಮಾತು ಕಿವಿಗೆ ಬಿದ್ದದ್ದೇ ಮುದ್ರೆಯವರು ಒಳಗಿನಿಂದ ಟೇಪು ತಂದರು. “ಮೂವತ್ತೆರಡು ಇಂಚು. ಅಂಗಡೀಲೇ ಮೂಲೆಯಿಂದ ಮೂಲೆಗೆ ಅಳೆದು ತಂದಿದೀನಿ. ಬೇಕಿದ್ರೆ ನೋಡ್ಕೊಳ್ಳಿ.”

“ಟಿವಿನಲ್ಲ ಸಾರ್. ಟಿವಿ ನೋಡೋರನ್ನ ಅಳೀತೀವಿ.”

ಅತ್ತೆ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತರು. ತಮ್ಮ ಎತ್ತರದ ಬಗ್ಗೆ ಅವರಿಗೆ ಮೊದಲಿನಿಂದಲೂ ಅಭಿಮಾನ.

ಹುಡುಗಿ ನಗು ತಡೆದುಕೊಂಡು ವಿವರಿಸಿದಳು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ತಿಳಿಯಲು ಮನೆಮನೆಗೂ ಹೋಗಿ ಕೇಳುವುದಕ್ಕಾಗುವುದಿಲ್ಲ. ಅದಕ್ಕೇ ಅಲ್ಲೊಂದು ಇಲ್ಲೊಂದು ಮನೆ ಆರಿಸಿ ಟಿವಿ ಪಕ್ಕದಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ. ಟಿವಿಯಲ್ಲಿ ಏನು ಬರುತ್ತಿದೆ ಎಂಬುದನ್ನು ಪೆಟ್ಟಿಗೆಯೇ ಕಂಡುಕೊಳ್ಳುತ್ತದೆ. ಯಾರು ನೋಡುತ್ತಿದ್ದಾರೆ ಎಂಬುದನ್ನು ಮಾತ್ರ ಮನೆಯವರು ಬಟನ್ ಒತ್ತಿ ತಿಳಿಸಬೇಕು.

“ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಲ್ವಾ ಸಾರ್, ಹಾಗೆ. ನಿಮ್ಮ ಒಂದು ಮನೆ ಇಪ್ಪತ್ತು ಸಾವಿರ ಮನೆಗೆ ಸಮ.”

“ಅಂದ್ರೆ ನಾವು ಅಗುಳು. ನಮ್ಮನ್ನ ಹಿಸುಕ್ತೀರಿ,” ಎಂದರು ಮುದ್ರೆಯವರ ಹೆಂಡತಿ.

ಮುದ್ರೆಯವರಿಗೆ ಅಗುಳೂ ಕೇಳಲಿಲ್ಲ, ಹಿಸುಕುವುದೂ ಕೇಳಲಿಲ್ಲ. ಇಪ್ಪತ್ತು ಸಾವಿರ ಎಂಬುದಷ್ಟೇ ಕೇಳಿತು. ಸ್ವಂತ ಮನೆಯೊಂದರಲ್ಲಿ ನಡೆಯದ ಮಾತು ಇನ್ನು ಇಪ್ಪತ್ತು ಸಾವಿರ ಮನೆಗಳಲ್ಲಿ ನಡೆಯಲಿದೆ! ಅವರ ಬೆನ್ನು ತಾನಾಗಿ ನೇರವಾಯಿತು.

“ನೀವು ಸಾಮಾನ್ಯವಾಗಿ ಏನು ನೋಡ್ತೀರಾ ಸಾರ್?” ಹುಡುಗಿ ಫಾರಂ ತೆಗೆದಳು.

“ನಾನು? ನಾನು ವಿಚಾರಪೂರ್ಣವಾದದ್ದು ಮಾತ್ರ. ಈ ಅಳೋದು, ಕಿರುಚೋದು ನಂಗಾಗಲ್ಲ. ಜ್ಞಾನದ ಚಾನೆಲ್ ಬರುತ್ತಲ್ಲ, ಅದು.”

ಅತ್ತೆಗೆ ಕೆಮ್ಮು ಬಂತು. ಮಗಳು ನೀರು ತರುವ ನೆಪದಲ್ಲಿ ಒಳಗೆ ಓಡಿದಳು.

ಹುಡುಗಿ ಪೆಟ್ಟಿಗೆ ಜೋಡಿಸಿ ಪುಟ್ಟ ರಿಮೋಟು ಕೈಗಿಟ್ಟಳು. ಒಂದನೇ ಬಟನ್ ಮುದ್ರೆಯವರದು, ಎರಡು ಹೆಂಡತಿಯದು, ಮೂರು ಮಗಳದು, ನಾಲ್ಕು ಅತ್ತೆಯದು. “ಟಿವಿ ಮುಂದೆ ಕೂತೋರು ಅವರವರ ಬಟನ್ ಒತ್ಬೇಕು. ಎದ್ದು ಹೋಗೋವಾಗ ಮತ್ತೆ ಒತ್ಬೇಕು. ಯಾರನ್ನೂ ಬಿಡ್ಬೇಡಿ ಸಾರ್. ಇನ್ನೊಂದು ಮಾತು, ಈ ಪೆಟ್ಟಿಗೆ ವಿಷಯ ಯಾರ ಹತ್ರಾನೂ ಹೇಳ್ಬಾರ್ದು. ಇಲ್ಲಿ ಸೈನ್ ಮಾಡಿ.”

ಸೂಚನೆ ಇಷ್ಟು ಸರಳವಾಗಿತ್ತು. ಆದರೆ ಅದು ಸರ್ಕಾರಿ ಕಚೇರಿಯಲ್ಲಿ ಪಳಗಿದ ತಲೆಯೊಳಗೆ ಇಳಿಯಬೇಕಿತ್ತು. ಮುದ್ರೆಯವರ ಮನಸ್ಸಿನಲ್ಲಿ ಉಳಿದದ್ದು ‘ಯಾರನ್ನೂ ಬಿಡ್ಬೇಡಿ’ ಎಂಬ ಒಂದೇ ವಾಕ್ಯ. ಅವರ ಕಚೇರಿಯ ಹಾಜರಿ ಪುಸ್ತಕವೂ ಅದೇ ತತ್ವದ ಮೇಲೆ ನಡೆಯುತ್ತಿತ್ತು. ಚಹಾ ಕುಡಿಯಲು ಹೋದವನೂ ಹಾಜರು, ಹಲ್ಲು ಕೀಳಿಸಲು ಹೋದವನೂ ಹಾಜರು. ಕಚೇರಿಗೆ ಸೇರಿದವನು ಎಲ್ಲಿದ್ದರೂ ಕಚೇರಿಯಲ್ಲೇ ಇದ್ದಾನೆ. ಮನೆಗೂ ಅದೇ ನ್ಯಾಯವಲ್ಲವೆ?

“ಪೆಟ್ಟಿಗೆ ಜವಾಬ್ದಾರಿ ನಂದು. ಇದನ್ನ ಯಾರೂ ಮುಟ್ಬಾರ್ದು,” ಎಂದು ಘೋಷಿಸಿ ಪುಟ್ಟ ರಿಮೋಟನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಯಾರೂ ಅದಕ್ಕೆ ಆಸೆಪಟ್ಟಿರಲಿಲ್ಲ.

ಆಡಿದ ಮಾತಿಗೆ ತಪ್ಪಬಾರದಲ್ಲ. ಮರುದಿನ ಆರೂವರೆಗೆ ಅತ್ತೆ ತಮ್ಮ ಧಾರಾವಾಹಿ ‘ಬಾಗಿಲಾಚೆಯ ಸೊಸೆ’ಗಾಗಿ ಬಂದು ಕೂರುವಷ್ಟರಲ್ಲಿ ಮುದ್ರೆಯವರು ಜ್ಞಾನದ ಚಾನೆಲ್ ಹಾಕಿಕೊಂಡು ಕೂತಿದ್ದರು.

“ಅಳಿಯಂದ್ರೇ, ಇದು ನನ್ನ ಹೊತ್ತು.”

“ಅತ್ತೆ, ಇಪ್ಪತ್ತು ಸಾವಿರ ಮನೆ ನನ್ನ ಹಿಂದೆ ಕೂತಿವೆ. ಅವರೆಲ್ಲರ ಎದುರಿಗೆ ಸೊಸೆ ಅಳೋದನ್ನ ಹಾಕಕ್ಕಾಗುತ್ತಾ? ಮರ್ಯಾದೆ ಪ್ರಶ್ನೆ.”

ಅತ್ತೆ ಹಿಂದಕ್ಕೆ ತಿರುಗಿ ಗೋಡೆಯನ್ನೊಮ್ಮೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೂರು ಮನೆ ಆಚೆಯ ವಕೀಲರ ಮನೆಗೆ ಧಾರಾವಾಹಿ ನೋಡಲು ಹೋದರು. ಹೆಂಡತಿ ಹೊಲಿಗೆ ಹೇಳಿಕೊಡಲು ಹೋಗಿದ್ದರು, ಮಗಳು ಗ್ರಂಥಾಲಯದಲ್ಲಿದ್ದಳು. ಖಾಲಿ ಮನೆಯಲ್ಲಿ ಮುದ್ರೆಯವರು ಗಂಭೀರವಾಗಿ ಒಂದು, ಎರಡು, ಮೂರು, ನಾಲ್ಕು ಒತ್ತಿದರು. ಎಲ್ಲರೂ ಹಾಜರು.

ಆ ಹೊತ್ತಿಗೆ ಬರುತ್ತಿದ್ದ ಕಾರ್ಯಕ್ರಮದ ಹೆಸರು ‘ನೀರು ಹರಿಯುವ ದಾರಿ’. ನಿವೃತ್ತ ಎಂಜಿನಿಯರೊಬ್ಬರು ಕಂದು ಕೋಟು ಹಾಕಿಕೊಂಡು, ಕಪ್ಪು ಹಲಗೆಯ ಮುಂದೆ ನಿಂತು ಚರಂಡಿಗಳ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು. ಅವರ ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. ಒಳ್ಳೆಯ ಚರಂಡಿಯಂತೆ ಒಂದೇ ಸಮನೆ ಹರಿಯುತ್ತಿತ್ತು. “ನೂರು ಅಡಿಗೆ ಒಂದು ಅಡಿ ಇಳಿಜಾರು ಎಂದು ಇಟ್ಟುಕೊಂಡರೆ...” ಎಂಬಲ್ಲಿಗೆ ಮುದ್ರೆಯವರ ರೆಪ್ಪೆ ಭಾರವಾಯಿತು. “ಇನ್ನೂರು ಅಡಿಗೆ...” ಎಂಬಲ್ಲಿಗೆ ತಲೆ ವಾಲಿತು. ಹನ್ನೊಂದು ವರ್ಷದಿಂದ ಯಾವ ಮಾತ್ರೆಗೂ ಬಗ್ಗದ ನಿದ್ದೆ, ಚರಂಡಿಯ ಹಾದಿ ಹಿಡಿದು ಬಂದು ಅಪ್ಪಿಕೊಂಡಿತು. ಏಳೂಮುಕ್ಕಾಲಿಗೆ ಹೆಂಡತಿ ಬಂದು ಎಬ್ಬಿಸಿದಾಗ ಮುದ್ರೆಯವರು ಎಳೆ ಮಗುವಿನಂತೆ ನಗುತ್ತಿದ್ದರು.

ಅಂದಿನಿಂದ ಅದು ವ್ರತದಂತಾಯಿತು. ಆರೂವರೆಗೆ ನಾಲ್ಕು ಬಟನ್, ಆರು ಮೂವತ್ತೈದಕ್ಕೆ ನಿದ್ದೆ. ಮೈ ತುಂಬಿಕೊಂಡಿತು, ಮುಖಕ್ಕೆ ಕಳೆ ಬಂತು. ಅಂಗಡಿಯವರನ್ನು ನೋಡುವ ನೋಟ ಕೂಡ ಮೃದುವಾಯಿತು. ಅದರಿಂದ ಅಂಗಡಿಯವರು ಇನ್ನೂ ಹೆಚ್ಚು ಹೆದರಿದರು.

ಐದನೇ ವಾರ ಪತ್ರಿಕೆಯ ಮುಖಪುಟದಲ್ಲಿ ಸುದ್ದಿ ಬಂತು: ‘ಚರಂಡಿಗೆ ಮುಗಿಬಿದ್ದ ವೀಕ್ಷಕರು!’ ನಿನ್ನೆಯವರೆಗೂ ಲೆಕ್ಕಕ್ಕೇ ಸಿಗದಿದ್ದ ‘ನೀರು ಹರಿಯುವ ದಾರಿ’ ತನ್ನ ಹೊತ್ತಿನ ಮೊದಲ ಸ್ಥಾನಕ್ಕೆ ಜಿಗಿದಿತ್ತು. ಹೆಣ್ಣುಮಕ್ಕಳು, ಅದರಲ್ಲೂ ಕಾಲೇಜು ಹುಡುಗಿಯರು, ಈ ಕಾರ್ಯಕ್ರಮವನ್ನು ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಅಂಕಿಅಂಶ ಹೇಳುತ್ತಿತ್ತು. ಒಳಪುಟದ ಸಂಪಾದಕೀಯದ ಶೀರ್ಷಿಕೆ ‘ಎಚ್ಚೆತ್ತ ಸಮಾಜ’. ಅದನ್ನು ಓದಿ ಮುದ್ರೆಯವರಿಗೆ ನಾಡಿನ ಬಗ್ಗೆ ಹೆಮ್ಮೆಯಾಯಿತು. ಅವರ ಅಭಿರುಚಿಯೇ ಎಲ್ಲರ ಅಭಿರುಚಿಯಾಗಿದೆ! ಈ ಸುದ್ದಿಗೂ ತಮ್ಮ ಜೇಬಿನಲ್ಲಿದ್ದ ರಿಮೋಟಿಗೂ ಸಂಬಂಧವಿರಬಹುದು ಎಂಬ ಅನುಮಾನ ಅವರ ಹತ್ತಿರಕ್ಕೂ ಸುಳಿಯಲಿಲ್ಲ.

ಕಚೇರಿಗೆ ಹೋಗುತ್ತಿದ್ದಂತೆ ಸಾಹೇಬರಿಂದ ಕರೆ ಬಂತು.

“ಏನ್ರೀ ಮುದ್ರೆಯವರೇ, ‘ನೀರು ಹರಿಯುವ ದಾರಿ’ ನೋಡ್ತೀರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮುದ್ರೆಯವರು ಅಂಗಿಯ ಜೇಬು ಮುಟ್ಟಿಕೊಂಡರು. ಗುಟ್ಟು ಬಿಡುವುದಿಲ್ಲವೆಂದು ಸೈನ್ ಮಾಡಿದ್ದಾರೆ. “ಇಲ್ಲ ಸಾರ್! ಒಂದು ದಿನಾನೂ ಇಲ್ಲ!”

“ನೋಡಲ್ವಾ?” ಸಾಹೇಬರು ಕನ್ನಡಕ ತೆಗೆದರು. “ನಾಡಿಗೆ ನಾಡೇ ನೋಡ್ತಿದೆ, ನೀವು ನೋಡಲ್ವಾ? ನಮ್ಮನೇಲಿ ಆರೂವರೆ ಆಯ್ತು ಅಂದ್ರೆ ಒಲೆ ಕೂಡ ಹಚ್ಚಲ್ಲ ಗೊತ್ತಾ? ನಿನ್ನೆ ಮೋರಿ ಕಲ್ಲಿನ ಬಗ್ಗೆ ಏನು ಹೇಳಿದ್ರು, ಆಹಾ!”

“ನಿನ್ನೆ ಮ್ಯಾನ್‌ಹೋಲ್ ಮುಚ್ಚಳ ಸಾರ್...” ಎಂದು ಬಾಯಿಗೆ ಬಂದದ್ದನ್ನು ಮುದ್ರೆಯವರು ನುಂಗಿಕೊಂಡರು.

“ಸರ್ಕಾರಿ ನೌಕರ ಆದೋನಿಗೆ ಸಮಾಜ ಎತ್ತ ಹೋಗ್ತಿದೆ ಅನ್ನೋ ಪರಿವೆ ಇರ್ಬೇಕು ಕಣ್ರೀ. ಇವತ್ತಿಂದ ನೋಡಿ. ನಾಳೆ ಬಂದು ಏನು ನೋಡಿದ್ರಿ ಅಂತ ನಂಗೆ ಹೇಳಿ.”

ಹೀಗೆ, ಊರಿನಲ್ಲಿ ಆ ಕಾರ್ಯಕ್ರಮವನ್ನು ದಿನಕ್ಕೆ ಐದು ನಿಮಿಷವಾದರೂ ನೋಡುತ್ತಿದ್ದ ಏಕೈಕ ವ್ಯಕ್ತಿಗೆ, ಅದನ್ನು ನೋಡುತ್ತಿಲ್ಲವೆಂದು ಎಚ್ಚರಿಕೆ ಕೊಡಲಾಯಿತು. ಉಳಿದವರೆಲ್ಲ ನೋಡುತ್ತಿದ್ದರು ಎಂಬುದು ಅವರವರ ಬಾಯಿಂದಲೇ ಬಂದ ಮಾತು. ಕ್ಷೌರಿಕರು ಕತ್ತರಿ ಆಡಿಸುತ್ತ ಇಳಿಜಾರಿನ ಬಗ್ಗೆ ಮಾತಾಡಿದರು. ವಕೀಲರ ಹೆಂಡತಿ, “ನಮ್ಮೆಜಮಾನ್ರಂತೂ ಅದನ್ನ ನೋಡ್ದೆ ಕೋರ್ಟಿಗೇ ಹೋಗಲ್ಲ” ಎಂದರು. ಕೋರ್ಟು ಬೆಳಿಗ್ಗೆ, ಕಾರ್ಯಕ್ರಮ ಸಂಜೆ ಎಂದು ಯಾರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಿಂದೆ ಒಬ್ಬಿಬ್ಬರಿದ್ದರು. ಈಗ ಊರಿಗೂರೇ ಹಗ್ಗ ಹಿಡಿದು ನಿಂತಿತ್ತು, ಕರು ಯಾರ ಹಾಗಿದೆ ಎಂದು ಚರ್ಚೆಯನ್ನೂ ಮಾಡುತ್ತಿತ್ತು.

ಚಾನೆಲ್ಲಿನವರು ಕೈಕಟ್ಟಿ ಕೂರಲಿಲ್ಲ. ಕಾಲೇಜು ಹುಡುಗಿಯರು ಮುಗಿಬಿದ್ದು ನೋಡುವ ಕಾರ್ಯಕ್ರಮದಲ್ಲಿ ಕಂದು ಕೋಟೇ? ಮರುವಾರ ಎಂಜಿನಿಯರಿಗೆ ಗುಲಾಬಿ ಬಣ್ಣದ ಕೋಟು ಬಂತು. ಕಪ್ಪು ಹಲಗೆಯ ಜಾಗದಲ್ಲಿ ಬಣ್ಣದ ದೀಪಗಳು ಬಂದವು. ಅವರು ‘ಪೈಪು’ ಎಂದಾಗಲೆಲ್ಲ ಡೋಲು ಮೊಳಗುತ್ತಿತ್ತು, ‘ಕೊಳಚೆ’ ಎಂದರೆ ಇಬ್ಬರು ತರುಣಿಯರು ಓಡಿಬಂದು ಅವರ ಸುತ್ತ ಕುಣಿಯುತ್ತಿದ್ದರು. ನಡುನಡುವೆ ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತು. ಅರ್ಧ ಗಂಟೆಯ ಕಾರ್ಯಕ್ರಮ ಒಂದು ಗಂಟೆಯಾಯಿತು. ಚರಂಡಿಗೆ ಮಾತ್ರ ಹತ್ತೇ ನಿಮಿಷ ಉಳಿಯಿತು.

ಮೊದಲ ಡೋಲಿಗೇ ಮುದ್ರೆಯವರು ಬೆಚ್ಚಿಬಿದ್ದು ಕುರ್ಚಿಯಿಂದ ಕೆಳಗಿದ್ದರು. ಎರಡನೇ ದಿನ ಕಿವಿಗೆ ಹತ್ತಿ ಇಟ್ಟುಕೊಂಡರು. ದೀಪಗಳು ರೆಪ್ಪೆಯನ್ನೂ ದಾಟಿ ಬಂದವು. ಕೈಗೆ ಬಂದ ನಿದ್ದೆ ಕಣ್ಣಿಗೆ ಬರಲಿಲ್ಲ. ಒಂದು ವಾರದಲ್ಲಿ ಮುಖ ಬಾಡಿತು. ಒಬ್ಬ ಅಂಗಡಿಯವನ ಬಟ್ಟುಗಳಿಗೆಲ್ಲ ಮುದ್ರೆಯನ್ನು ತಲೆಕೆಳಗಾಗಿ ಒತ್ತಿದರು. ಆದರೂ ಆರೂವರೆಗೆ ನಾಲ್ಕು ಬಟನ್ ಒತ್ತುವುದನ್ನು ಬಿಡಲಿಲ್ಲ. ಹಳೆಯ ಎಂಜಿನಿಯರು ಇವತ್ತಾದರೂ ಮರಳಿ ಬರಬಹುದು ಎಂಬ ಆಸೆ.

ಅದೇ ದಿನಗಳಲ್ಲಿ ಒಂದು ಸಂಜೆ ಅತ್ತೆ ವಕೀಲರ ಮನೆಯಿಂದ ಅಳುತ್ತ ಬಂದರು.

“ನಮ್ಮ ಸೊಸೇನ ಕೆರೆಗೆ ತಳ್ತಾರಂತೆ!”

ಮುದ್ರೆಯವರು ಗಾಬರಿಯಾದರು. “ಯಾರ ಸೊಸೆ? ಪೊಲೀಸರಿಗೆ ಹೇಳಿದ್ರಾ?”

“‘ಬಾಗಿಲಾಚೆಯ ಸೊಸೆ’ ಕಣ್ರೀ! ನೋಡೋರು ಕಮ್ಮಿ ಆಗಿದಾರಂತೆ. ಅದಕ್ಕೆ ಕಥೆ ಮುಗಿಸ್ತಾರಂತೆ. ಪೇಪರಿನಲ್ಲಿ ಬಂದಿದೆ. ಅರವತ್ತು ದಾಟಿದ ಹೆಂಗಸರೆಲ್ಲ ಅವಳ ಕೈಬಿಟ್ಟು ಆ ಚರಂಡಿ ನೋಡೋಕೆ ಹೋಗಿದಾರಂತೆ. ಥೂ! ಯಾವ ಮನೆಹಾಳು ಮುದುಕೀರ್ರೀ ಅವರು? ಅವರ ಟಿವಿ ಸುಟ್ಟುಹೋಗ!”

ಸುಟ್ಟುಹೋಗಬೇಕಾದ ಟಿವಿ ಅವರ ಬೆನ್ನ ಹಿಂದೆಯೇ ಉರಿಯುತ್ತಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ನಾಲ್ಕನೇ ನಂಬರಿನ ಹಸಿರು ದೀಪವೂ ಬೆಳಗುತ್ತಿತ್ತು. ಅತ್ತೆಯ ಕಣ್ಣು ನೀರಿನಿಂದ ಮಂಜಾಗಿತ್ತು. ಅಳಿಯನ ಕಣ್ಣು ನಿದ್ದೆಯಿಲ್ಲದೆ ಮಂಜಾಗಿತ್ತು.

“ಅಳಿಯಂದ್ರೇ, ನೀವು ಸರ್ಕಾರದಲ್ಲಿರೋರು. ಟಿವಿಯವರಿಗೆ ಒಂದು ಅರ್ಜಿ ಬರ್ದುಕೊಡಿ.”

ಮುದ್ರೆಯವರಿಗೆ ನಿಜಕ್ಕೂ ಕನಿಕರವಾಯಿತು. ಹಾಳೆ ತೆಗೆದು, ಅಂಚು ಬಿಟ್ಟು, ಇಲಾಖೆಯ ಶೈಲಿಯಲ್ಲಿ ಬರೆದರು: ‘ವಿಷಯ: ಸೊಸೆಯನ್ನು ಕೆರೆಗೆ ತಳ್ಳದಿರುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಸದರಿ ಸೊಸೆಯು ನಿರಪರಾಧಿಯಾಗಿದ್ದು...’ ಅತ್ತೆ ಕೇಳಿಸಿಕೊಂಡು ಇನ್ನೂ ಜೋರಾಗಿ ಅತ್ತರು.

ಅರ್ಜಿ ಕೊಡಲು ಅವಕಾಶವೂ ಬೇಗ ಒದಗಿತು. ‘ನೀರು ಹರಿಯುವ ದಾರಿ’ಯ ಎಂಜಿನಿಯರು ಮತ್ತು ಆ ಚಾನೆಲ್ಲಿನ ಮುಖ್ಯಸ್ಥರು ಊರೂರು ಸುತ್ತುತ್ತ ಈ ಊರಿನ ಪುರಭವನಕ್ಕೂ ಬಂದರು. ಧಾರಾವಾಹಿ ಬೇರೆ ಚಾನೆಲ್ಲಿನದು ಎಂದು ಮಗಳು ಹೇಳಿದರೆ ಅತ್ತೆ, “ಟಿವಿಯವರೇ ತಾನೆ? ಒಬ್ಬರಿಗೊಬ್ಬರು ಗೊತ್ತಿರ್ತಾರೆ” ಎಂದು ಬಾಯಿ ಮುಚ್ಚಿಸಿದರು. ಸಭಾಂಗಣ ಕಿಕ್ಕಿರಿದಿತ್ತು. ಸಾಹೇಬರು ಮುದ್ರೆಯವರನ್ನು ಮೊದಲ ಸಾಲಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. “ಇವತ್ತಾದರೂ ನೋಡಿ ಕಲೀರಿ.” ಆಚೆ ಪಕ್ಕದಲ್ಲಿ ಅರ್ಜಿ ಹಿಡಿದ ಅತ್ತೆ, ಅವರ ಪಕ್ಕ ಹೆಂಡತಿ ಮತ್ತು ಮಗಳು.

ಎಂಜಿನಿಯರು ಗುಲಾಬಿ ಕೋಟಿನಲ್ಲಿ ವೇದಿಕೆಗೆ ಬಂದಾಗ ಡೋಲಿನವನಿಗೆ ಬಸ್ಸು ತಪ್ಪಿದೆ ಎಂಬ ಸುದ್ದಿ ಬಂತು. ಕುಣಿಯುವ ತರುಣಿಯರೂ ಅದೇ ಬಸ್ಸಿನಲ್ಲಿ ಬರಬೇಕಿತ್ತು. ಎಂಜಿನಿಯರ ಮುಖ ಒಮ್ಮೆಲೇ ಅರಳಿತು. ಮೈಕು ಹಿಡಿದು, ಎಷ್ಟೋ ದಿನದಿಂದ ಅದುಮಿಟ್ಟಿದ್ದ ತಮ್ಮ ಸ್ವಂತ ದನಿಯಲ್ಲಿ, “ನೂರು ಅಡಿಗೆ ಒಂದು ಅಡಿ ಇಳಿಜಾರು ಎಂದು ಇಟ್ಟುಕೊಂಡರೆ...” ಎಂದು ಶುರುಮಾಡಿದರು.

ಮೂರು ವಾರದ ಬಾಕಿ ನಿದ್ದೆ ಮುದ್ರೆಯವರ ಮೇಲೆ ಒಟ್ಟಿಗೇ ಎರಗಿತು. ಎರಡನೇ ನಿಮಿಷಕ್ಕೆ ಗೊರಕೆ ಶುರುವಾಯಿತು. ಅದು ಸಾಧಾರಣ ಗೊರಕೆಯಲ್ಲ. ಕಟ್ಟಿಕೊಂಡ ಮೋರಿಗೆ ಒಮ್ಮೆಲೇ ದಾರಿ ಸಿಕ್ಕಂತಿತ್ತು. ವಿಷಯಕ್ಕೆ ಹೊಂದುವಂತಿದ್ದುದರಿಂದ ಹಿಂದಿನ ಸಾಲಿನವರು ಅದನ್ನು ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಸಾಹೇಬರು ಮೊಣಕೈಯಿಂದ ತಿವಿದರು. ಮುದ್ರೆಯವರು ಅವರ ಭುಜದ ಮೇಲೇ ತಲೆಯಿಟ್ಟರು.

ಪರಿಸ್ಥಿತಿ ಕೈಮೀರುವುದನ್ನು ಕಂಡು ಚಾನೆಲ್ ಮುಖ್ಯಸ್ಥರು ಮೈಕು ಕಿತ್ತುಕೊಂಡರು. “ಮಹನೀಯರೇ! ನಿಮ್ಮ ಪ್ರೀತಿಗೆ ಇದೋ ಸಾಕ್ಷಿ! ಈ ಭಾಗದಲ್ಲಿ ಪ್ರತಿ ಸಂಜೆ ನಮ್ಮನ್ನ ನೋಡೋರು ಕಾಲೇಜು ಹುಡುಗಿಯರು ಇಪ್ಪತ್ತು ಸಾವಿರ! ಗೃಹಿಣಿಯರು ಇಪ್ಪತ್ತು ಸಾವಿರ! ಹಿರಿಯ ತಾಯಂದಿರು ಇಪ್ಪತ್ತು ಸಾವಿರ! ಗಂಡಸರೂ ಇಪ್ಪತ್ತು ಸಾವಿರ! ಒಬ್ಬರು ಹೆಚ್ಚಿಲ್ಲ, ಒಬ್ಬರು ಕಮ್ಮಿ ಇಲ್ಲ! ಇದು ಸಮಾನತೆ!”

ಚಪ್ಪಾಳೆಯ ನಡುವೆ ಮಗಳು ತಾಯಿಯ ಕಡೆ ತಿರುಗಿದಳು. “ಅಮ್ಮಾ, ನಾಲ್ಕು ಥರದ ಜನ. ನಾಲ್ಕೂ ಇಪ್ಪತ್ತು ಸಾವಿರ. ನಮ್ಮನೇಲಿ ಎಷ್ಟು ಬಟನ್ ಇದೆ?”

“ನಾಲ್ಕು,” ಎಂದ ತಾಯಿಯ ಬಾಯಿ ಹಾಗೇ ತೆರೆದುಕೊಂಡಿತು.

“ಆ ಹೊತ್ತಲ್ಲಿ ಬಟನ್ ಒತ್ತೋರು ಯಾರು?”

ಮೂವರೂ ಗೊರಕೆಯ ಕಡೆ ನೋಡಿದರು. ಅತ್ತೆಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಇದು ಅರ್ಥವಾಯಿತು. ಮನೆಹಾಳು ಮುದುಕಿ ಯಾರೆಂದು ಕೊನೆಗೂ ಗೊತ್ತಾಯಿತು. ತಾವೇ! ವಕೀಲರ ಮನೆಯಲ್ಲಿ ಕೂತು ಸೊಸೆಗಾಗಿ ಕಣ್ಣೀರಿಡುವಾಗ, ಮನೆಯಲ್ಲಿ ತಾವೇ ಇಪ್ಪತ್ತು ಸಾವಿರ ಜನವಾಗಿ ಚರಂಡಿ ನೋಡುತ್ತಿದ್ದರು.

“ಅಳಿಯಂದ್ರೇ!” ಎಂದು ಅವರು ಕೂಗಿದ ಕೂಗಿಗೆ ಡೋಲೇ ನಾಚಬೇಕು. ಮುದ್ರೆಯವರು ಎದ್ದು ನಿಂತರು, ಎಲ್ಲಿದ್ದೇನೆಂದು ತಿಳಿಯದೆ ವೇದಿಕೆಗೆ ಕೈಮುಗಿದರು. “ನನ್ನ ಬೆರಳು ನಿಮ್ಮ ಜೇಬಲ್ಲಿಟ್ಕೊಂಡು ನನ್ನ ಸೊಸೇನೇ ಕೆರೆಗೆ ತಳ್ಳಿದ್ರಲ್ರೀ!”

ಸಭೆಯಲ್ಲಿ ಗುಲ್ಲೆದ್ದಿತು. ಅಳಿಯ ಯಾರದೋ ಸೊಸೆಯನ್ನು ಕೆರೆಗೆ ತಳ್ಳಿದ್ದಾನೆ ಎಂದು ಹಿಂದಿನ ಸಾಲಿಗೆ ಸುದ್ದಿ ಹೋಯಿತು. ಬಾಗಿಲು ಮುಟ್ಟುವ ಹೊತ್ತಿಗೆ ತಳ್ಳಿದವರು ಇಬ್ಬರಾಗಿದ್ದರು, ಕೆರೆಯ ಆಳವೂ ಗೊತ್ತಾಗಿತ್ತು. ಸಾಹೇಬರು ಮೆಲ್ಲಗೆ ಎದ್ದು ನಾಲ್ಕನೇ ಸಾಲಿನ ಖಾಲಿ ಕುರ್ಚಿಗೆ ಹೋಗಿ ಕೂತರು.

ಗದ್ದಲದಲ್ಲಿ ಎಂಜಿನಿಯರು ವೇದಿಕೆಯಿಂದಿಳಿದು ಮುದ್ರೆಯವರ ಹತ್ತಿರ ಬಂದರು. “ಬೇಜಾರಿಲ್ಲ ಸಾರ್, ನಿಜ ಹೇಳಿ. ನೀವು ನನ್ನ ಕಾರ್ಯಕ್ರಮ ನೋಡ್ತೀರಾ?”

“ದಿನಾ ನೋಡ್ತೀನಿ ಸಾರ್. ಆರೂವರೆಯಿಂದ ಆರು ಮೂವತ್ತೈದರವರೆಗೆ.”

ಎಂಜಿನಿಯರ ಕಣ್ಣು ತುಂಬಿ ಬಂತು. “ಐದು ನಿಮಿಷ! ಎರಡು ವಾರದಿಂದ ಊರೂರು ತಿರುಗ್ತಿದೀನಿ. ಎಲ್ಲರೂ ದಿನಾ ನೋಡ್ತೀವಿ ಅಂತಾರೆ. ಎಷ್ಟು ಹೊತ್ತು ಅಂತ ಸರಿಯಾಗಿ ಹೇಳಿದೋರು ನೀವೊಬ್ರೇ.”

ಮನೆಗೆ ಬಂದ ಮೇಲೆ ಮುದ್ರೆಯವರಿಗೆ ತಮ್ಮ ತಪ್ಪು ಪೂರ್ತಿಯಾಗಿ ಅರ್ಥವಾಯಿತು. ಜೀವಮಾನವೆಲ್ಲ ಕಳ್ಳ ತೂಕ ಹಿಡಿದವರು ತಾವೇ ಒಂದು ಕಳ್ಳ ಬಟ್ಟಾಗಿದ್ದರು! ಐದು ಗ್ರಾಂ ಅಲ್ಲ, ಅರವತ್ತು ಸಾವಿರ ಜನರ ವ್ಯತ್ಯಾಸ. ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಹೆಂಡತಿ, “ಹೋಗ್ಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ?” ಎಂದರು.

“ಅಂಗಡಿಯೋರೂ ಹಾಗೇ ಅಂತಾರೆ,” ಎಂದು ಮುದ್ರೆಯವರು ಫೋನು ಕೈಗೆತ್ತಿಕೊಂಡರು.

ಮರುದಿನ ಪೆಟ್ಟಿಗೆಯ ಹುಡುಗಿ ತನ್ನ ಮೇಲಧಿಕಾರಿಯನ್ನು ಕರೆದುಕೊಂಡು ಬಂದಳು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಮುದ್ರೆಯವರು ನಿಂತುಕೊಂಡೇ ಎಲ್ಲವನ್ನೂ ಒಪ್ಪಿಕೊಂಡರು. ಕೊನೆಗೆ, “ನಾನು ಕೂಡ ನೋಡ್ತಿರ್ಲಿಲ್ಲ ಸಾರ್. ನಿದ್ದೆ ಮಾಡ್ತಿದ್ದೆ” ಎಂದರು.

“ಟಿವಿ ಮುಂದೆ ಇದ್ರಿ ತಾನೆ?”

“ಇದ್ದೆ.”

“ಹಾಗಾದ್ರೆ ನೋಡಿದ್ರಿ. ಕಣ್ಣು ತೆರೆದಿತ್ತಾ ಮುಚ್ಚಿತ್ತಾ ಅನ್ನೋಕೆ ನಮ್ಮ ಫಾರಮ್ಮಿನಲ್ಲಿ ಕಾಲಂ ಇಲ್ಲ.”

“ಉಳಿದ ಮೂರು ಜನ ಮನೇಲೇ ಇರ್ಲಿಲ್ಲ ಸಾರ್! ಲೆಕ್ಕ ತಪ್ಪಲ್ವಾ?”

ಅಧಿಕಾರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಲೆಕ್ಕ ತಪ್ಪಾಗಲ್ಲ ಸಾರ್. ಅದು ಅಚ್ಚಾಗಿದೆ. ಅದರ ಮೇಲೆ ಜಾಹೀರಾತು ಬಂದಿದೆ, ಸಂಪಾದಕೀಯ ಬಂದಿದೆ, ಮಂತ್ರಿಗಳು ಭಾಷಣ ಮಾಡಿದಾರೆ. ಈಗ ತಪ್ಪು ಅಂದ್ರೆ ಎಲ್ಲರಿಗೂ ನೋವಾಗುತ್ತೆ. ನಾವು ಪೆಟ್ಟಿಗೆ ತಗೊಂಡು ಹೋಗ್ತೀವಿ. ಕಾರಣ ಏನಂತ ಬರೀಲಿ?”

“ನಾನು ಸುಳ್ಳು ಹಾಜರಿ ಹಾಕಿದೆ ಅಂತ ಬರೀರಿ.”

“‘ತಾಂತ್ರಿಕ’ ಅಂತ ಬರೀತೀನಿ,” ಎಂದರು ಅಧಿಕಾರಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ವ್ಯಾನು ಪೆಟ್ಟಿಗೆಯನ್ನು ಹೇರಿಕೊಂಡು ಹೊರಟಿತು. ಬೀದಿಯನ್ನು ಮಾತ್ರ ದಾಟಲಿಲ್ಲ. ಮೂರು ಮನೆ ಆಚೆ, ವಕೀಲರ ಬಾಗಿಲಲ್ಲಿ ನಿಂತಿತು. ಸಂಜೆಯೊಳಗೆ ವಕೀಲರ ಹೆಂಡತಿ ಬೀದಿಯ ಪ್ರತಿಯೊಂದು ಮನೆಗೂ ಹೋಗಿ, ತಮ್ಮ ಮನೆಯಲ್ಲಿ ಯಾರಿಗೂ ಹೇಳಬಾರದ ಒಂದು ವಸ್ತು ಇದೆ ಎಂದು ಹೇಳಿ ಬಂದರು.

ಮುಂದಿನ ವಾರದ ಅಂಕಿಅಂಶ ಬಂದಾಗ ‘ನೀರು ಹರಿಯುವ ದಾರಿ’ ಪಾತಾಳಕ್ಕಿಳಿದಿತ್ತು. ಸುದ್ದಿ ಚಾನೆಲ್ಲಿನಲ್ಲಿ ನಾಲ್ವರು ತಜ್ಞರು ಒಂದು ಗಂಟೆ ಚರ್ಚಿಸಿದರು. ಒಬ್ಬರು ಪರೀಕ್ಷೆಯ ಕಾಲ ಎಂದರು, ಒಬ್ಬರು ಬಿಸಿಲು ಎಂದರು. ಯುವತಿಯರು ಚರಂಡಿಯಿಂದ ಭ್ರಮನಿರಸನಗೊಂಡಿದ್ದಾರೆ ಎಂದು ಮೂರನೆಯವರು ಸಿದ್ಧಾಂತ ಮಂಡಿಸಿದರು. ನಾಲ್ಕನೆಯವರು ಸಮಾಜದ ಗತಿ ನೆನೆದು ಅತ್ತೇಬಿಟ್ಟರು. ಪತ್ರಿಕೆಯ ಸಂಪಾದಕೀಯದ ಶೀರ್ಷಿಕೆ ‘ಮತ್ತೆ ಮಲಗಿದ ಸಮಾಜ’. ಸಾಹೇಬರು ಕಚೇರಿಯಲ್ಲಿ, “ನಾನು ಮೊದಲಿಂದ್ಲೂ ಹೇಳ್ತಿದ್ದೆ, ಅದರಲ್ಲಿ ಹುರುಳಿಲ್ಲ ಅಂತ” ಎಂದರು. ಹೌದು ಸಾರ್ ಎಂದು ಕಚೇರಿ ತಲೆಯಾಡಿಸಿತು.

ಡೋಲು ಹೋಯಿತು, ದೀಪ ಹೋಯಿತು. ಎಂಜಿನಿಯರಿಗೆ ಕಂದು ಕೋಟು ಮರಳಿ ಬಂತು, ಹೊತ್ತು ಮಾತ್ರ ಐದೂವರೆಗೆ ಬದಲಾಯಿತು. ಮುದ್ರೆಯವರು ಅರ್ಧ ಗಂಟೆ ಮೊದಲೇ ಕಚೇರಿ ಬಿಡಲು ಅನುಮತಿ ಪಡೆದರು. ಅರ್ಜಿಯಲ್ಲಿ ‘ವೈದ್ಯಕೀಯ ಕಾರಣ’ ಎಂದು ಬರೆದಿದ್ದರು. ಅದು ಸುಳ್ಳಲ್ಲ.

ಇನ್ನು ‘ಬಾಗಿಲಾಚೆಯ ಸೊಸೆ’. ವಕೀಲರ ಮನೆಯವರೆಲ್ಲ ಅದರ ಭಕ್ತರು. ಕೆರೆಗೆ ಬಿದ್ದ ಸೊಸೆ ಹದಿನೈದು ದಿನದ ಮೇಲೆ, ತಲೆಗೂದಲು ಕೂಡ ಒದ್ದೆಯಾಗದೆ, ಆಚೆ ದಡದಲ್ಲಿ ಎದ್ದುಬಂದಳು. ಧಾರಾವಾಹಿ ಇನ್ನೂ ಎರಡು ವರ್ಷ ನಡೆಯಲಿದೆ ಎಂದು ಪ್ರಕಟಣೆ ಹೊರಟಿತು.

ಇದೆಲ್ಲ ತಮ್ಮ ಅರ್ಜಿಯ ಪ್ರಭಾವ ಎಂಬುದರಲ್ಲಿ ಅತ್ತೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅರ್ಜಿಯನ್ನು ಸಭೆಯ ಗದ್ದಲದಲ್ಲಿ ಅವರು ಕೊಟ್ಟದ್ದು ಚಾನೆಲ್ಲಿನ ಮುಖ್ಯಸ್ಥರಿಗಲ್ಲ, ಕುರ್ಚಿ ಎತ್ತಿಡುವವನಿಗೆ ಎಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ. ಆರು ವಾರದಿಂದ ಅಳಿಯನ ಜೊತೆ ಬಿಟ್ಟಿದ್ದ ಮಾತನ್ನು ಅವರು ಒಂದು ಸಂಜೆ ತಾವಾಗಿಯೇ ಶುರುಮಾಡಿದರು.

“ಅಳಿಯಂದ್ರೇ, ನಿಮ್ಮ ಕೈಬರಹಕ್ಕೆ ಬೆಲೆ ಇದೆ. ಇನ್ನೊಂದು ಅರ್ಜಿ ಬರೀಬೇಕಲ್ಲ.”

“ಏನಂತ?”

“ಆ ಸೊಸೆಗೆ ಕಾಟ ಕೊಡ್ತಾಳಲ್ಲ, ಅತ್ತೆ. ಮನೇಲಿ ಯಾರನ್ನೂ ನೆಮ್ಮದಿಯಾಗಿರಕ್ಕೆ ಬಿಡಲ್ಲ, ಎಲ್ಲದಕ್ಕೂ ಅವಳದೇ ಯಜಮಾನಿಕೆ. ಅವಳನ್ನ ಒಂದಾರು ತಿಂಗಳು ಎಲ್ಲಾದ್ರೂ ದೂರದೂರಿಗೆ ಕಳಿಸ್ಬೇಕು ಅಂತ ಬರೀರಿ.”

ಮುದ್ರೆಯವರು ತಟ್ಟನೆ ಎದ್ದು ಹಾಳೆ ತಂದರು. ಅಂಚು ಬಿಟ್ಟು, ದುಂಡಗಿನ ಅಕ್ಷರದಲ್ಲಿ, ‘ವಿಷಯ: ಅತ್ತೆಯವರನ್ನು ದೂರದ ಊರಿಗೆ ಕಳಿಸುವ ಕುರಿತು’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ತಲೆಯೆತ್ತಿ, ತುಂಬ ವಿನಯದಿಂದ ಕೇಳಿದರು:

“ಆರೇ ತಿಂಗಳು ಸಾಕಾ ಅತ್ತೆ? ಒಂದು ವರ್ಷ ಅಂತ ಹಾಕ್ಲಾ?”